ಕಾಫಿಯ ಗಾಡಿಯೂ ಉದ್ರಿಯ ಪುಸ್ತಕವೂ

ಈ ತಿಂಗಳ ನಮ್ಮ ಮಾತನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸಬೇಕಾಗಿ ಬಂದಿರುವುದಕ್ಕೆ ವಾಚಕ ಮಹಾಶಯರು ನಮ್ಮನ್ನು ಕ್ಷಮಿಸಬೇಕು. ಮನೆವಾರ್ತೆ, ಮಿತವ್ಯಯ, ಮಕ್ಕಳ ಪಾಲನೆ ಮೊದಲಾದ ವಿಷಯಗಳಲ್ಲಿ ಪರರಿಗೆ ಬುದ್ಧಿ ಹೇಳುವ ಅಭ್ಯಾಸವು ನಮಗೆ ಬಹುಕಾಲದಿಂದ ಅಂಟಿಕೊಂಡಿದೆ. ಆದರೆ ಬೆಂಗಳೂರಿನಲ್ಲಿರುವ ನಮ್ಮ ಕಾರ್ಯಾಲಯದ ಮುಂದಣ ತಿರುವಿನಲ್ಲಿ, ಹೊಂಗೆಯ ಮರದ ನೆರಳಿನಲ್ಲಿ, ಬೆಳಗ್ಗೆ ಆರು ಗಂಟೆಗೇ ಒಲೆ ಹೊತ್ತಿಸುತ್ತಿದ್ದ ಒಂದು ಕಾಫಿಯ ತಳ್ಳುಗಾಡಿಯು ೨೦೨೫ರ ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ನಿಂತುಹೋಯಿತು. ಅದು ನಿಂತ ಕಾರಣವನ್ನು ವಿಚಾರಿಸಹೋದ ನಮಗೆ, ಆ ಕಾರಣಗಳ ಪಟ್ಟಿಯಲ್ಲಿ ನಮ್ಮ ಕಾರ್ಯಾಲಯವೂ ಒಂದೆಂಬುದು ತಿಳಿದು ಬಹಳ ನಾಚಿಕೆಯಾಯಿತು.

ಆ ಗಾಡಿಯನ್ನು ನಡೆಸುತ್ತಿದ್ದಾಕೆ ಮೂಡಿಗೆರೆಯ ಕಡೆಯವರು. ಕಾಫಿಯ ತೋಟದ ಲೈನುಮನೆಯಲ್ಲಿ ಹುಟ್ಟಿದವರು. ತಾಯಿಯ ಜತೆಯಲ್ಲಿ ಹಣ್ಣು ಕುಯ್ದು, ಕಣದಲ್ಲಿ ಹರವಿ ಬೆಳೆದವರು. ಮದುವೆಯಾದ ಮೇಲೆ ಪಟ್ಟಣಕ್ಕೆ ಬಂದು ಹದಿನಾರು ವರ್ಷ ನಾಲ್ಕಾರು ಮನೆಗಳಲ್ಲಿ ಪಾತ್ರೆ ತೊಳೆದು ಅಡಿಗೆ ಮಾಡಿದರು. ಗಾರೆಯ ಕೆಲಸಕ್ಕೆ ಹೋಗುತ್ತಿದ್ದ ಗಂಡನು ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಬಳಿಕ ಮನೆಯ ಭಾರವೆಲ್ಲವೂ ಆಕೆಯ ಮೇಲೆಯೇ ಬಿದ್ದಿತು. ಕೂಡಿಟ್ಟಿದ್ದ ಹಣದಲ್ಲಿ ಹಳೆಯದೊಂದು ತಳ್ಳುಗಾಡಿಯನ್ನೂ, ಎರಡು ದೊಡ್ಡ ಫಿಲ್ಟರುಗಳನ್ನೂ, ಒಲೆಯನ್ನೂ ಕೊಂಡು ವ್ಯಾಪಾರಕ್ಕೆ ಇಳಿದರು. ಕಾಫಿಯಂತೂ ಸೊಗಸಾಗಿತ್ತು. ನಮ್ಮ ಕಾರ್ಯಾಲಯಕ್ಕೆ ದಿನಕ್ಕೆ ಎರಡು ಫ್ಲಾಸ್ಕು ಬರುತ್ತಿತ್ತು. ಎದುರಿನ ಹೊಲಿಗೆಯಂಗಡಿ, ಪಕ್ಕದ ಔಷಧಿಯಂಗಡಿ, ಹಿಂದಿನ ಬೀದಿಯಲ್ಲಿ ಕಟ್ಟುತ್ತಿದ್ದ ಎರಡು ಮನೆಗಳ ಕೆಲಸದವರು, ಎಲ್ಲರೂ ಅಲ್ಲಿಯ ಗಿರಾಕಿಗಳೇ ಆಗಿದ್ದರು. ಒಬ್ಬ ಬಡ ಹೆಂಗಸಿಗೆ ಆಶ್ರಯ ಕೊಟ್ಟಿದ್ದೇವೆಂಬ ಸಂತೋಷದಲ್ಲಿಯೇ ನಾವು ದಿನವೂ ಆ ಕಾಫಿಯನ್ನು ಕುಡಿಯುತ್ತಿದ್ದೆವು.

ನಾವು ಕೊಟ್ಟಿದ್ದ ಆಶ್ರಯವು ಎಂತಹದೆಂಬುದನ್ನು ಈಗ ಲೆಕ್ಕದ ಮೂಲಕ ನಿವೇದಿಸುತ್ತೇವೆ. ಗೃಹಿಣಿಯರಿಗೆ ಈ ಲೆಕ್ಕವು ಕಷ್ಟವಾಗಲಾರದು.

ಆಕೆ ದಿನಕ್ಕೆ ೧೨೦ ಲೋಟ ಕಾಫಿಯನ್ನು ಮಾರುತ್ತಿದ್ದರು. ಲೋಟಕ್ಕೆ ೧೫ ರೂಪಾಯಿ. ಸಣ್ಣ ಲೋಟಕ್ಕೆ ಎಂಟು ಗ್ರಾಮು ಪುಡಿಯೆಂದರೆ ದಿನಕ್ಕೆ ಹೆಚ್ಚುಕಡಮೆ ಒಂದು ಕಿಲೋ ಪುಡಿ ಬೇಕು. ಲೀಟರು ಹಾಲಿಗೆ ಹದಿನೈದು ಲೋಟವೆಂದರೆ ಎಂಟು ಲೀಟರು ಹಾಲು ಬೇಕು. ಸಕ್ಕರೆ ಒಂದು ಕಿಲೋವಿಗೆ ಮೇಲಾಗಿ ಬೇಕು. ಒಲೆಗೆ ಅನಿಲ, ತೊಳೆಯುವುದಕ್ಕೆ ನೀರು, ಇವುಗಳ ಖರ್ಚು ಬೇರೆ. ಇವೆಲ್ಲವನ್ನೂ ಪ್ರತಿದಿನ ಮುಂಜಾನೆ ನಗದು ಕೊಟ್ಟೇ ತರಬೇಕು. ಈ ೧೨೦ ಲೋಟಗಳಲ್ಲಿ ಮೂರರಲ್ಲೊಂದು ಪಾಲು, ಎಂದರೆ ೪೦ ಲೋಟ, ಉದ್ರಿಯ ಪುಸ್ತಕಕ್ಕೆ ಹೋಗುತ್ತಿತ್ತು. ನಮ್ಮಂತಹ ಮರ್ಯಾದಸ್ಥರ ಲೆಕ್ಕವೆಲ್ಲವೂ ಅದರಲ್ಲಿಯೇ. ನಲವತ್ತು ಲೋಟಕ್ಕೆ ದಿನಕ್ಕೆ ೬೦೦ ರೂಪಾಯಿ. ತಿಂಗಳಿಗೆ ೧೮,೦೦೦. ತಿಂಗಳು ಮುಗಿದ ಮೇಲೆ ನಾವು ಅದನ್ನು ಸಲ್ಲಿಸುತ್ತಿದ್ದೆವು. ಆದುದರಿಂದ ಯಾವ ದಿನ ನೋಡಿದರೂ ಸರಾಸರಿಯಲ್ಲಿ ೯,೦೦೦ ರೂಪಾಯಿಯಷ್ಟು ಆಕೆಯ ಹಣವು ನಮ್ಮೆಲ್ಲರ ಜೇಬಿನಲ್ಲಿಯೇ ಇರುತ್ತಿತ್ತು.

ಇನ್ನೊಂದು ಲೆಕ್ಕವನ್ನು ನೋಡಿರಿ. ಹಾಲಿಗೂ ಪುಡಿಗೂ ಕೈಯಲ್ಲಿ ನಗದು ಸಾಲದಾದಾಗ ಆಕೆ ದಿನವಹಿ ಸಾಲ ಕೊಡುವವನೊಬ್ಬನಲ್ಲಿಗೆ ಹೋದರು. ಅವನು ೧೦,೦೦೦ ರೂಪಾಯಿಯೆಂದು ಬರೆದುಕೊಂಡು ಮೊದಲೇ ಸಾವಿರವನ್ನು ಹಿಡಿದು ೯,೦೦೦ವನ್ನು ಕೈಗೆ ಕೊಟ್ಟನು. ದಿನಕ್ಕೆ ೧೦೦ ರೂಪಾಯಿಯಂತೆ ನೂರು ದಿನ ಕಟ್ಟಬೇಕೆಂಬುದು ಕರಾರು. ಕೇಳುವುದಕ್ಕೆ ನೂರಕ್ಕೆ ಹತ್ತರ ಬಡ್ಡಿಯಂತೆ ತೋರುತ್ತದೆ. ಆದರೆ ಅಸಲು ದಿನದಿನಕ್ಕೂ ಇಳಿಯುತ್ತ ಬರುವುದರಿಂದಲೂ, ಅವಧಿಯು ಮೂರು ತಿಂಗಳ ಮೇಲೆ ಕೆಲವೇ ದಿನಗಳಾದುದರಿಂದಲೂ, ವರ್ಷದ ಲೆಕ್ಕಕ್ಕೆ ಅದು ನೂರಕ್ಕೆ ೮೦ರ ಸಮೀಪಕ್ಕೆ ಹೋಗುವುದು. ಒಂದು ದಿನ ತಪ್ಪಿದರೆ ದಂಡ ಬೇರೆ. ಜನರು ಇದಕ್ಕೆ ಮೀಟರ್ ಬಡ್ಡಿಯೆಂದು ಹೆಸರಿಟ್ಟಿರುವುದು ಸುಮ್ಮನೆ ಅಲ್ಲ.

ಆಕೆ ಸಾಲ ತಂದ ಹಣವು ೯,೦೦೦. ನಮ್ಮಲ್ಲಿ ನಿಂತಿದ್ದ ಹಣವೂ ೯,೦೦೦. ಎಂದ ಮೇಲೆ ಆ ಸಾಲವನ್ನು ಕುಡಿದವರು ಯಾರು? ನಾವು. ನಮ್ಮ ಅನುಕೂಲಕ್ಕಾಗಿ ಆಕೆಯು ನೂರಕ್ಕೆ ೮೦ರ ಬಡ್ಡಿಯನ್ನು ತೆರುತ್ತಿದ್ದರು. ನಾವು ಬಡ್ಡಿಯಿಲ್ಲದ ಕೈಗಡವನ್ನು ಆಕೆಯಿಂದ ಪಡೆದು, ಅದನ್ನೇ ಉಪಕಾರವೆಂದು ಬಗೆದಿದ್ದೆವು! ಅದೇ ೨೦೨೫ರ ಏಪ್ರಿಲ್ ೧ರಂದು ಹಾಲಿನ ದರವು ಲೀಟರಿಗೆ ೪ ರೂಪಾಯಿ ಏರಿತು. ಎಂಟು ಲೀಟರಿಗೆ ದಿನಕ್ಕೆ ೩೨ ರೂಪಾಯಿ; ತಿಂಗಳಿಗೆ ೯೬೦. ಕಾಫಿಯ ಬೀಜದ ಬೆಲೆಯೂ ಆ ಕಾಲಕ್ಕೆ ಬಹಳ ಏರಿತ್ತು. ಗಿರಾಕಿ ತಪ್ಪೀತೆಂಬ ಭಯದಿಂದ ಆಕೆ ಲೋಟದ ಬೆಲೆಯನ್ನು ಏರಿಸಲಿಲ್ಲ. ಆಷಾಢದ ಮಳೆಯಲ್ಲಿ ಒಂದು ವಾರ ವ್ಯಾಪಾರ ನಿಂತಿತು. ಸಾಲದವನು ಮನೆಯ ಬಾಗಿಲಿಗೆ ಬಂದು ಕೂಗಾಡಿದನು. ಗಾಡಿಯು ಮೂಲೆ ಸೇರಿತು.

ನಾವು ಆಕೆಯ ಮನೆಯನ್ನು ಹುಡುಕಿಕೊಂಡು ಹೋಗಿ, “ಮೊದಲೇ ಕೇಳಬಾರದಾಗಿತ್ತೇನಮ್ಮಾ, ಕೊಡುತ್ತಿರಲಿಲ್ಲವೇ?” ಎಂದೆವು. ಆಕೆ ತಲೆ ತಗ್ಗಿಸಿಕೊಂಡು ಹೇಳಿದ ಮಾತು ಇನ್ನೂ ನಮ್ಮ ಕಿವಿಯಲ್ಲಿದೆ: “ನೀವು ಕೊಡೋದಿಲ್ಲ ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ ಸ್ವಾಮಿ. ಆದರೆ ಹಾಲಿನವನು ತಿಂಗಳ ಕೊನೇವರೆಗೂ ಕಾಯೋದಿಲ್ವಲ್ಲ.”

ಅಂಗಡಿಗಳಲ್ಲಿ “ಇಂದು ನಗದು, ನಾಳೆ ಉದ್ರಿ” ಎಂಬ ಹಲಗೆಯನ್ನು ಕಂಡು ನಗುವವರು ನಾವು. ಆ ಹಲಗೆಯನ್ನು ತೂಗುಹಾಕುವಷ್ಟು ಧೈರ್ಯವು ಹೊಸದಾಗಿ ವ್ಯಾಪಾರಕ್ಕೆ ಇಳಿದ ಬಡವರಿಗೆ ಇರುವುದಿಲ್ಲವೆಂಬುದನ್ನು ಮಾತ್ರ ನಾವು ಯೋಚಿಸುವುದಿಲ್ಲ.

ಕಾಫಿಯು ನಮ್ಮ ನಾಡಿಗೆ ಹೊಸತೇನೂ ಅಲ್ಲ. ಬಾಬಾ ಬುಡನ್ ಎಂಬ ಮಹನೀಯರು ಹದಿನೇಳನೆಯ ಶತಮಾನದಲ್ಲಿ ಮೋಕಾದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಪ್ರತೀತಿಯು ಸರ್ವವಿದಿತವಾಗಿದೆ. ಇಂದು ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು ೭೦ ಪಾಲು ಕರ್ನಾಟಕದ್ದೇ. ಆದರೂ ಗಿಡದಿಂದ ಹಣ್ಣು ಕುಯ್ಯುವ ಕೈಗೂ, ಪಟ್ಟಣದಲ್ಲಿ ಕಾಫಿಯನ್ನು ಮಾರಿ ಲಾಭವನ್ನು ಎಣಿಸುವ ಕೈಗೂ ನಡುವೆ ಬಹು ದೂರವಿದೆ. ಹಿಂದೆ ಕಾಫಿಯ ಹೋಟೆಲುಗಳಲ್ಲಿ ಜಾತಿಗೊಂದು ಜಾಗವಿದ್ದುದನ್ನು ನಮ್ಮ ಹಿರಿಯರು ಬಲ್ಲರು. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ ೧೫ನೆಯ ವಿಧಿಯಲ್ಲಿ, ಅಂಗಡಿ ಹೋಟೆಲುಗಳನ್ನು ಪ್ರವೇಶಿಸುವ ವಿಷಯದಲ್ಲಿ ಜಾತಿಯ ಕಾರಣದಿಂದ ಯಾರಿಗೂ ಅಡ್ಡಿ ಮಾಡಕೂಡದೆಂದು ವಿಧಿಸಿತು. ಒಳಗೆ ಹೋಗಿ ಕುಳಿತು ಕುಡಿಯುವ ಬಾಗಿಲು ಹೀಗೆ ತೆರೆಯಿತು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತುಕೊಳ್ಳುವ ಬಾಗಿಲು ಮಾತ್ರ ಅಷ್ಟು ಸುಲಭವಾಗಿ ತೆರೆದಿಲ್ಲ. ಮೇಲೆ ಹೇಳಿದ ಗಾಡಿಯ ಮುಂದೆ ನಿಂತು, “ನೀವು ಯಾವ ಜನ?” ಎಂದು ವಿಚಾರಿಸಿ, ಉತ್ತರವನ್ನು ಕೇಳಿದ ಮೇಲೆ ಮತ್ತೆ ಬಾರದಿದ್ದವರೂ ನಮ್ಮ ಬೀದಿಯಲ್ಲಿ ಇಬ್ಬರಿದ್ದರೆಂದು ಬರೆಯುವಾಗ ಲೇಖನಿಯು ಹಿಂಜರಿಯುತ್ತದೆ.

ಅದಂತಿರಲಿ. ಕೈಯಲ್ಲಿ ಬಂಡವಾಳವಿಲ್ಲದವರು ಕಾಫಿಯ ವ್ಯಾಪಾರದಲ್ಲಿ ನಿಲ್ಲಲಾರರೆಂದು ನಿರಾಶರಾಗಬೇಕಾದುದಿಲ್ಲ. ಇದಕ್ಕೆ ನಮ್ಮ ಊರಿನ ಚರಿತ್ರೆಯೇ ಸಾಕ್ಷಿಯಾಗಿದೆ. ೧೯೩೬ರಲ್ಲಿ ಮುಂಬಯಿಯಲ್ಲಿ ಮೊದಲಾದ ಇಂಡಿಯಾ ಕಾಫಿ ಹೌಸುಗಳನ್ನು ಮುಂದೆ ಕಾಫಿ ಮಂಡಳಿಯು ನಡೆಸುತ್ತಿತ್ತು. ೧೯೫೦ರ ದಶಕದ ಮಧ್ಯಭಾಗದಲ್ಲಿ ಮಂಡಳಿಯು ಅವುಗಳನ್ನು ಮುಚ್ಚಲು ನಿಶ್ಚಯಿಸಿದಾಗ ಲೋಟ ಹೊತ್ತು ತರುತ್ತಿದ್ದವರೂ ಅಡಿಗೆಯವರೂ ಬೀದಿಗೆ ಬೀಳುವ ಕಾಲ ಬಂದಿತು. ಎ. ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಆ ಕೆಲಸಗಾರರು ತಾವೇ ಸಹಕಾರ ಸಂಘಗಳನ್ನು ಕಟ್ಟಿಕೊಂಡು ಕಾಫಿ ಹೌಸುಗಳನ್ನು ತಾವೇ ವಹಿಸಿಕೊಂಡರು. ಇಂತಹ ಸಂಘವು ಬೆಂಗಳೂರಿನಲ್ಲಿ ೧೯೫೭ರ ಆಗಸ್ಟ್ ೧೯ರಂದು ಹುಟ್ಟಿತು. ನಿನ್ನೆ ಲೋಟ ತೊಳೆದವರು ಇಂದು ಒಡೆಯರಾದರು. ಮಹಾತ್ಮಾ ಗಾಂಧಿ ರಸ್ತೆಯಲ್ಲಿದ್ದ ಅವರ ಕಾಫಿ ಹೌಸು ೨೦೦೯ರಲ್ಲಿ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರ ಹೊಂದುವವರೆಗೆ ಊರಿನ ಎಷ್ಟೋ ಜನರ ಸಂಜೆಗಳನ್ನು ಅದು ನೋಡಿತು.

ಮತ್ತೊಂದು ದೃಷ್ಟಾಂತವು ಹುಬ್ಬಳ್ಳಿಯದು. ಅಲೀನಾ ಆಲಂ ಎಂಬ ಯುವತಿಯು ೨೦೧೭ರಲ್ಲಿ ಅಲ್ಲಿ ‘ಮಿಟ್ಟಿ ಕೆಫೆ’ ಎಂಬ ಸಂಸ್ಥೆಯ ಮೊದಲ ಉಪಾಹಾರ ಮಂದಿರವನ್ನು ತೆರೆದರು. ಅಲ್ಲಿ ಕಾಫಿಯನ್ನು ಮಾಡಿ ಕೊಡುವವರು ಕಣ್ಣು, ಕಿವಿ, ಕೈಕಾಲು ಅಥವಾ ಬುದ್ಧಿಯ ಬೆಳವಣಿಗೆಯಲ್ಲಿ ಒಂದಲ್ಲ ಒಂದು ವೈಕಲ್ಯವುಳ್ಳವರು. ಇಂಥವರಿಗೆ ಉದ್ಯೋಗವೇ ಅಸಾಧ್ಯವೆಂದು ಮನೆಯವರೇ ಕೈಬಿಟ್ಟಿರುವುದುಂಟು. ೨೦೨೩ರ ನವೆಂಬರಿನಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯದ ಆವರಣದಲ್ಲಿಯೇ ಆ ಸಂಸ್ಥೆಯ ಒಂದು ಶಾಖೆಯು ಆರಂಭವಾಯಿತು. ಸರಿಯಾಗಿ ಕಲಿಸಿ, ಸರಿಯಾದ ಸ್ಥಳದಲ್ಲಿ ನಿಲ್ಲಿಸಿ, ಗಿರಾಕಿಗಳು ತಾಳ್ಮೆಯಿಂದ ನಡೆದುಕೊಂಡರೆ ಕೈಲಾಗದವರೆನಿಸಿಕೊಂಡವರೂ ಕೈಲಾದವರಾಗುತ್ತಾರೆಂಬುದಕ್ಕೆ ಇದು ನಿದರ್ಶನವಾಗಿದೆ.

ಈ ದೃಷ್ಟಾಂತಗಳಿಂದ ತಿಳಿಯುವುದೇನೆಂದರೆ, ಕಾಫಿಯ ವ್ಯಾಪಾರಕ್ಕೆ ನಾಲ್ಕು ಕಾಲುಗಳುಂಟು: ಸ್ಥಳ, ಹಣ, ವಿದ್ಯೆ, ಗಿರಾಕಿ. ಇವುಗಳಲ್ಲಿ ಯಾವುದೊಂದು ಮುರಿದರೂ ಮಣೆಯು ಉರುಳುವುದು.

ಸ್ಥಳದ ವಿಷಯವನ್ನು ಮೊದಲು ಹೇಳುತ್ತೇವೆ. ಪಟ್ಟಣದಲ್ಲಿ ಅಂಗಡಿಯನ್ನು ಬಾಡಿಗೆಗೆ ಹಿಡಿಯಬೇಕಾದರೆ ಮುಂಗಡವೇ ಲಕ್ಷಗಳಲ್ಲಿ ಬೇಕಾಗುವುದು. ಆದುದರಿಂದಲೇ ಬಡವರು ಬೀದಿಯ ಬದಿಯನ್ನು ಆಶ್ರಯಿಸುತ್ತಾರೆ. ೨೦೧೪ರ ಬೀದಿ ವ್ಯಾಪಾರಿಗಳ ಕಾಯಿದೆಯು ಇವರಿಗೆ ರಕ್ಷಣೆಯನ್ನು ಕೊಟ್ಟಿದೆ. ಅದರಂತೆ ಪಟ್ಟಣ ವ್ಯಾಪಾರ ಸಮಿತಿಯು ವ್ಯಾಪಾರಿಗಳ ಸಮೀಕ್ಷೆಯನ್ನು ನಡೆಸಿ ಪ್ರಮಾಣಪತ್ರವನ್ನು ಕೊಡಬೇಕು. ಸಮಿತಿಯಲ್ಲಿ ನೂರಕ್ಕೆ ೪೦ಕ್ಕೆ ಕಡಮೆಯಿಲ್ಲದಷ್ಟು ಮಂದಿ ಬೀದಿ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು. ಆ ಪ್ರತಿನಿಧಿಗಳಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು. ಕಾಯಿದೆಯು ಹೀಗಿದ್ದರೂ, ತನ್ನ ಹೆಸರು ಪಟ್ಟಿಯಲ್ಲಿ ಸೇರಿದೆಯೇ ಇಲ್ಲವೇ ಎಂಬುದನ್ನೇ ಅರಿಯದ ವ್ಯಾಪಾರಿಗಳು ಅನೇಕರಿದ್ದಾರೆ. ನಮ್ಮಾಕೆಗೂ ಅದು ಗೊತ್ತಿರಲಿಲ್ಲ.

ಎರಡನೆಯದು ಹಣ. ಆಕೆ ಮೊದಲು ಒಂದು ಬ್ಯಾಂಕಿಗೆ ಹೋಗಿದ್ದರಂತೆ. ಅಂಗಡಿಯ ಕರಾರುಪತ್ರವೆಲ್ಲಿ, ಜಾಮೀನು ಯಾರು ಎಂಬ ಪ್ರಶ್ನೆಗಳನ್ನು ಕೇಳಿ ಹೆದರಿ ಹಿಂದಿರುಗಿದರು. ಬೀದಿ ವ್ಯಾಪಾರಿಗಳಿಗೆ ಜಾಮೀನಿಲ್ಲದ ಸಾಲವನ್ನು ಕೊಡುವ ‘ಸ್ವನಿಧಿ’ ಯೋಜನೆಯು ೨೦೨೦ರ ಜೂನಿನಲ್ಲಿಯೇ ಆರಂಭವಾಗಿತ್ತೆಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಆಗ ಮೊದಲ ಕಂತಿನ ಸಾಲ ೧೦,೦೦೦ ರೂಪಾಯಿ. ೨೦೨೫ರ ಆಗಸ್ಟಿನಲ್ಲಿ ಯೋಜನೆಯನ್ನು ೨೦೩೦ರ ಮಾರ್ಚ್ ೩೧ರವರೆಗೆ ಮುಂದುವರಿಸಿ, ಮೊದಲ ಸಾಲವನ್ನು ೧೫,೦೦೦ಕ್ಕೂ, ಅದನ್ನು ತೀರಿಸಿದವರಿಗೆ ಎರಡನೆಯದನ್ನು ೨೫,೦೦೦ಕ್ಕೂ ಏರಿಸಿದರು, ಮೂರನೆಯದು ೫೦,೦೦೦. ಹೊತ್ತಿಗೆ ಸರಿಯಾಗಿ ಕಟ್ಟುವವರಿಗೆ ಬಡ್ಡಿಯಲ್ಲಿ ನೂರಕ್ಕೆ ೭ರಷ್ಟು ಸಹಾಯಧನವುಂಟು. ಹದಿನೈದು ಸಾವಿರವನ್ನು ಒಂದು ವರ್ಷದಲ್ಲಿ ತೀರಿಸುವುದಕ್ಕೆ ತಿಂಗಳಿಗೆ ೧,೪೦೦ ರೂಪಾಯಿಯ ಒಳಗೆ ಸಾಕಾಗುವುದು. ಮೀಟರ್ ಬಡ್ಡಿಯವನಿಗೆ ಆಕೆ ತಿಂಗಳಿಗೆ ಕಟ್ಟುತ್ತಿದ್ದುದು ೩,೦೦೦! ಸಾಲಗಾರರ ಮೇಲೆ ನಡೆಯುವ ಬಲಾತ್ಕಾರವನ್ನು ತಡೆಯಲು ಕರ್ನಾಟಕ ಸರಕಾರವು ೨೦೨೫ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನು ಹೊರಡಿಸಿತೆಂಬುದನ್ನೂ ಇಲ್ಲಿಯೇ ಸ್ಮರಿಸಬೇಕು. ಆದರೆ ಬಾಗಿಲಲ್ಲಿ ಕೂಗಾಡುವವನ ಮುಂದೆ ಕಾನೂನಿನ ಹೆಸರನ್ನು ಹೇಳುವ ಧೈರ್ಯವು ಬರಬೇಕಾದರೆ ಪಕ್ಕದಲ್ಲಿ ನಾಲ್ಕು ಜನ ನಿಲ್ಲಬೇಕು.

ಮೂರನೆಯದು ವಿದ್ಯೆ. ಕಾಫಿ ಮಾಡುವುದನ್ನು ಯಾರಾದರೂ ಕಲಿಯಬೇಕೇ ಎಂದು ನಗಬಾರದು. ಮನೆಯಲ್ಲಿ ಆರು ಲೋಟ ಮಾಡುವುದು ಬೇರೆ. ಬೆಳಗಿನಿಂದ ಸಂಜೆಯವರೆಗೆ ಒಂದೇ ರುಚಿಯಲ್ಲಿ ೧೨೦ ಲೋಟ ಮಾಡುವುದು ಬೇರೆ. ಪುಡಿಯನ್ನು ಎರಡು ಮೂರು ದಿನಕ್ಕೆ ಬೇಕಾದಷ್ಟೇ ತಂದು ಗಾಳಿಯಾಡದಂತೆ ಇಡಬೇಕು. ಡಿಕಾಕ್ಷನ್ನನ್ನು ಮತ್ತೆ ಕುದಿಸಕೂಡದು. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿಯು ನೂರಕ್ಕೆ ೫೧ಕ್ಕೆ ಕಡಮೆಯಿರಕೂಡದೆಂಬ ನಿಯಮವಿದೆ. ಪೊಟ್ಟಣದ ಮೇಲೆ ಅದನ್ನು ಓದಿಯೇ ಕೊಳ್ಳಬೇಕು. ಆಹಾರ ಸುರಕ್ಷೆಯ ಕಾನೂನಿನಂತೆ ಸಣ್ಣ ವ್ಯಾಪಾರಿಗೆ ದೊಡ್ಡ ಪರವಾನಗಿ ಬೇಕಾಗಿಲ್ಲ, ನೋಂದಣಿ ಸಾಕು. ಬೆಂಗಳೂರಿನಲ್ಲಿರುವ ಕಾಫಿ ಮಂಡಳಿಯು ಹುರಿಯುವುದನ್ನೂ ಸೋಸುವುದನ್ನೂ ಕಲಿಸುವ ‘ಕಾಪಿ ಶಾಸ್ತ್ರ’ವೆಂಬ ಕಿರು ಶಿಕ್ಷಣವನ್ನು ನಡೆಸುತ್ತ ಬಂದಿದೆ. ಎಲ್ಲಕ್ಕಿಂತಲೂ ಮುಖ್ಯವಾದುದು ಲೆಕ್ಕವಿಡುವ ವಿದ್ಯೆ. ಒಂದು ಲೋಟಕ್ಕೆ ತಗಲುವ ಅಸಲೆಷ್ಟು, ಹಾಲಿನ ದರ ಏರಿದಾಗ ಬೆಲೆಯನ್ನು ಎಷ್ಟು ಏರಿಸಬೇಕು ಎಂಬುದನ್ನು ಅರಿಯದವರು ಎಷ್ಟು ಒಳ್ಳೆಯ ಕಾಫಿಯನ್ನು ಮಾಡಿದರೂ ಸೋಲುವರು.

ನಾಲ್ಕನೆಯದಾದ ಗಿರಾಕಿಯೆಂದರೆ ನಾವೇ. ಸ್ಥಳವನ್ನು ಸಮಿತಿ ಕೊಡಬಹುದು, ಹಣವನ್ನು ಬ್ಯಾಂಕು ಕೊಡಬಹುದು, ವಿದ್ಯೆಯನ್ನು ಮಂಡಳಿ ಕೊಡಬಹುದು. ದಿನದ ನಗದನ್ನು ಕೊಡುವವರು ಗೃಹಸ್ಥರಲ್ಲದೆ ಬೇರೆ ಯಾರೂ ಇಲ್ಲ. ಆದಕಾರಣ ನಮ್ಮ ವಾಚಕರಲ್ಲಿ ಕೆಲವು ಬಿನ್ನಹಗಳಿವೆ.

ಸಣ್ಣ ವ್ಯಾಪಾರಿಯ ಹಣವನ್ನು ಕುಡಿದ ಕ್ಷಣದಲ್ಲಿಯೇ ಸಲ್ಲಿಸಿರಿ. ತಿಂಗಳ ಲೆಕ್ಕವೇ ಅನುಕೂಲವೆಂದಾದರೆ ತಿಂಗಳ ಹಣವನ್ನು ಮೊದಲನೆಯ ತಾರೀಖಿನಲ್ಲಿ ಮುಂಗಡವಾಗಿ ಕೊಟ್ಟು, ಪುಸ್ತಕದಲ್ಲಿ ಕಳೆಯುತ್ತ ಬನ್ನಿರಿ. ಆಗ ನೂರಕ್ಕೆ ೮೦ರ ಬಡ್ಡಿಯವನ ಬಾಗಿಲು ಅವರಿಗೆ ಬೇಕಾಗುವುದಿಲ್ಲ. ಒಂದೆರಡು ರೂಪಾಯಿ ಬೆಲೆ ಏರಿದಾಗ ಗೊಣಗದಿರಿ. ದೊಡ್ಡ ಕಾಫಿ ಮಂದಿರದಲ್ಲಿ ನೂರಾರು ರೂಪಾಯಿಯನ್ನು ಮಾತಿಲ್ಲದೆ ಕೊಟ್ಟು, ಗಾಡಿಯ ಮುಂದೆ ಎರಡು ರೂಪಾಯಿಗೆ ವಾದಿಸುವುದು ಮಿತವ್ಯಯವಲ್ಲ. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಅವರನ್ನು ಒಂದು ಭಾನುವಾರ ಕಳುಹಿಸಿ, ಸಮೀಕ್ಷೆಯ ಅರ್ಜಿ, ನೋಂದಣಿಯ ಅರ್ಜಿ, ಸಾಲದ ಅರ್ಜಿ ಇವುಗಳನ್ನು ತುಂಬಿಸಿಕೊಡಿರಿ. ಅರ್ಧ ದಿನದ ಈ ಕೆಲಸವು ಒಂದು ಸಂಸಾರವನ್ನು ವರ್ಷಗಟ್ಟಲೆ ಕಾಪಾಡಬಲ್ಲುದು. ಕಾಂಪೌಂಡಿನ ಮೂಲೆಯೋ, ಉಪಯೋಗವಿಲ್ಲದ ಮುಂಗಟ್ಟಿನ ಕೋಣೆಯೋ ಇದ್ದವರು ರಾತ್ರಿ ಗಾಡಿಯನ್ನು ನಿಲ್ಲಿಸುವುದಕ್ಕೆ ಎಡೆಗೊಡಿರಿ. ಕೊಳಾಯಿಯಿಂದ ಎರಡು ಕೊಡ ನೀರು ಕೊಡಿರಿ. ಕಾಫಿಯನ್ನು ಕೊಡುವ ಕೈಯ ಜಾತಿಯನ್ನು ಎಂದಿಗೂ ಕೇಳದಿರಿ. ಕೈ ಚೊಕ್ಕಟವಾಗಿದೆಯೇ, ಲೋಟ ಶುಭ್ರವಾಗಿದೆಯೇ ಎಂಬುದನ್ನು ಮಾತ್ರ ನೋಡಿರಿ. ಇಲ್ಲದಿದ್ದರೆ ಮುಚ್ಚುಮರೆಯಿಲ್ಲದೆ ಹೇಳಿರಿ.

ನಮ್ಮಾಕೆಯ ಕಥೆಯ ಮುಂದಿನ ಭಾಗವನ್ನು ತಿಳಿಯುವ ಕುತೂಹಲವು ವಾಚಕರಿಗಿರಬಹುದು. ಉದ್ರಿಯ ಪುಸ್ತಕದಲ್ಲಿದ್ದವರೆಲ್ಲರೂ ಒಂದು ಸಂಜೆ ಕೂಡಿ ತಂತಮ್ಮ ಬಾಕಿಯನ್ನು ತೀರಿಸಿದೆವು. ಆ ಹಣದಲ್ಲಿ ಮೀಟರ್ ಬಡ್ಡಿಯವನ ಬಾಯಿ ಮುಚ್ಚಿತು. ಹೊಲಿಗೆಯಂಗಡಿಯವರ ಮಗಳು ಅರ್ಜಿಗಳನ್ನು ತುಂಬಿ, ಆಕೆಯೊಡನೆ ಮೂರು ಬಾರಿ ಕಛೇರಿಗೆ ಅಲೆದಳು. ಹದಿನೈದು ಸಾವಿರದ ಸಾಲವು ದೊರೆಯಿತು. ಗಾಡಿಯು ಮತ್ತೆ ಹೊಂಗೆಯ ನೆರಳಿಗೆ ಬಂದಿದೆ. ಲೋಟದ ಬೆಲೆ ಈಗ ೧೮ ರೂಪಾಯಿ. ಎಲ್ಲವೂ ಸರಿಹೋಯಿತೆಂದು ಹೇಳಲಾರೆವು. ರಸ್ತೆಯನ್ನು ಅಗಲಿಸುವರೆಂಬ ಮಾತು ಹಬ್ಬಿದೆ. ಮರವುಳಿಯುವುದೋ ಗಾಡಿಯುಳಿಯುವುದೋ ಕಾಣೆವು. ಆ ದಿನ ಬಂದರೆ ಪ್ರಮಾಣಪತ್ರವನ್ನು ಹಿಡಿದು ಆಕೆಯ ಪಕ್ಕದಲ್ಲಿ ನಿಲ್ಲಬೇಕೆಂದು ಬೀದಿಯ ಕೆಲವರು ಮಾತಾಡಿಕೊಂಡಿದ್ದೇವೆ.

ಗಾಡಿಯ ಮೇಲೆ ಈಗಲೂ ಒಂದು ಉದ್ರಿಯ ಪುಸ್ತಕವಿದೆ. ಆದರೆ ಅದರಲ್ಲಿ ಬರೆದಿರುವುದು ನಮ್ಮ ಬಾಕಿಯಲ್ಲ, ನಮ್ಮ ಮುಂಗಡ. ತಿಂಗಳ ಮೊದಲ ದಿನ ಫ್ಲಾಸ್ಕಿನ ಹಣವನ್ನು ಕೊಟ್ಟಾಗ ಆಕೆ ಅದನ್ನು ಬರೆದುಕೊಂಡು, “ಇನ್ನು ನಾನೇ ನಿಮಗೆ ಸಾಲಗಾರಳು ಸ್ವಾಮಿ” ಎಂದು ನಕ್ಕರು. ಅಂತಹ ಸಾಲವು ಪ್ರತಿಯೊಂದು ಬೀದಿಯಲ್ಲಿಯೂ ಬೆಳೆಯಲೆಂದು ಹಾರೈಸಿ ಈ ತಿಂಗಳ ಮಾತನ್ನು ಮುಗಿಸುತ್ತೇವೆ.